ಶಿವರಾತ್ರಿಯಿಂದ ಯುಗಾದಿತನಕ ಕಾಯಿಪಲ್ಲೆ
(ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಮ್ಮ ಭಾಗದಾಗ ಕಬ್ಬಿಲ್ಲದ ಹೊಲ ಕಡಿಮೆ. ಆದರೆ ಕಬ್ಬಿನ ರೊಕ್ಕಕ್ಕೆ ವರ್ಷ ಕಾಯಬೇಕು. ಅಲ್ಲೀತನಕ ಸಂತಿ ಖರ್ಚಿಗೂ ಸಂಘದ ಸಾಲವೇ ಗತಿಯಾಗಬಾರದು. ಐದು ಗುಂಟೆಯಾದರೂ ಕಾಯಿಪಲ್ಲೆಗೆ ಬಿಡಿರಿ.

ದೀಪಾವಳಿ ಮುಗಿದ ಮೇಲೆ ಗಜ್ಜರಿ ಬೀಜ ಹಾಕಿದರೆ ಸುಮಾರು 90 ದಿನಕ್ಕೆ, ಶಿವರಾತ್ರಿ ಹೊತ್ತಿಗೆ ಕೀಳಬಹುದು. ಮೆಂತ್ಯೆಗೆ 30 ದಿನ, ಕೊತ್ತಂಬರಿಗೆ 40 ದಿನ ಸಾಕು. ಹೊಸ ಕಬ್ಬಿನ ಸಾಲಿನ ನಡುವೆಯೂ ಇವು ಬರುತ್ತವೆ. ಬೆಂಡಿ, ಸವತಿಗೆ ಮಾತ್ರ ಅವಸರ ಬೇಡ. ಥಂಡಿಯೊಳಗೆ ಬೀಜ ಸರಿಯಾಗಿ ಮೊಳೆಯುವುದಿಲ್ಲ. ಸಂಕ್ರಾಂತಿ ದಾಟಿ ಥಂಡಿ ಇಳಿದ ಮೇಲೆ, ಬೆಂಡಿ ಬೀಜ ರಾತ್ರಿ ನೀರಿನಾಗ ನೆನೆಹಾಕಿ ಊರಿರಿ. 45-50 ದಿನಕ್ಕೆ ಕಾಯಿ ಸುರುವಾಗಿ ಯುಗಾದಿತನಕ ಸಂತಿಗೆ ಒಯ್ಯಬಹುದು. ಬೇಸಿಗೆಗೆ ಬಾವಿ ನೀರು ಎಷ್ಟು ನಿಲ್ಲುತ್ತದೆಂದು ನೋಡಿಯೇ ಜಾಗ ಇಡಿರಿ.

ಇನ್ನೊಂದು ಮಾತು. ಎಲ್ಲರೂ ಒಂದೇ ವಾರ ಬಿತ್ತಿ, ಒಂದೇ ವಾರ ಸಂಕೇಶ್ವರ ಪೇಟೆಗೆ ಒಯ್ದರೆ ಮೆಂತ್ಯೆ ಪೆಂಡಿ ಕೇಳುವವರೇ ಇರೋದಿಲ್ಲ. ಹದಿನೈದು ದಿನಕ್ಕೊಂದು ಮಡಿಯಂತೆ ಬಿತ್ತಿರಿ. ಯಾರು ಯಾವಾಗ ಬಿತ್ತಬೇಕೆಂಬುದನ್ನು ಸಂಘದ ಕಟ್ಟಿ ಮ್ಯಾಲ ಕುಂತು ಮಾತಾಡಿಕೊಳ್ಳಿರಿ. ಸಾಲ ಕೊಡುವುದು, ತೀರಿಸುವುದು ಅಷ್ಟೇ ಸಹಕಾರವಲ್ಲ. ಸರದಿ ಹಚ್ಚಿ ಬಿತ್ತುವುದೂ ಸಹಕಾರವೇ.