ಗೋಡೆ ಒಣಗದೆ ಗಿಲಾವು ಬೇಡ

(ನೀರಮಾನ್ವಿಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ಹೇಳಿದ ಮಾತುಗಳು)



ಇವತ್ತು ಉಳಿತಾಯ, ಬಡ್ಡಿ ಲೆಕ್ಕ ಸ್ವಲ್ಪ ಬದಿಗಿಟ್ಟು ನಮ್ಮ ಮನೆ ಗೋಡೆ ಬಗ್ಗೆ ಮಾತಾಡೋಣ. ಸಂಘದ ಸಾಲ ತಗೊಂಡು ಮನೆ ರಿಪೇರಿ ಮಾಡಿಸುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆ ದುಡ್ಡು ಬರೀ ಬಣ್ಣಕ್ಕೆ ಹೋಗಬಾರದು.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿನ ಮಳೆ ನಿಮಗೆ ನೆನಪಿರಬೇಕು. ರಾಯಚೂರು ಸೇರಿದಂತೆ ಉತ್ತರ ಕರ್ನಾಟಕದಲ್ಲಿ ಲಕ್ಷಗಟ್ಟಲೆ ಮನೆ ಹಾಳಾದವು. ಇನ್ನೂರಕ್ಕೂ ಹೆಚ್ಚು ಜನ ಜೀವ ಕಳಕೊಂಡರು. ಹೊಳೆಗೆ ಕೊಚ್ಚಿಹೋದವರಷ್ಟೇ ಅಲ್ಲ, ನೆನೆದ ಗೋಡೆ ಮೈಮೇಲೆ ಬಿದ್ದು ಸತ್ತವರೂ ಅದರಲ್ಲಿದ್ದರು. ಮಳೆ ನಿಂತ ಮೇಲೂ ಗೋಡೆ ಬೀಳುತ್ತದೆ. ಒಳಗಿನ ನೀರು ಇನ್ನೂ ಆರಿರುವುದಿಲ್ಲ ನೋಡ್ರಿ.

ಮಣ್ಣಿನ ಗೋಡೆ ಒಣಗಿದ್ದರೆ ಗಟ್ಟಿ, ನೆನೆದರೆ ಮೆತ್ತಗೆ. ಅದರ ಮೇಲೆ ನಾವು ಸಿಮೆಂಟ್ ಗಿಲಾವು ಮಾಡಿಸುತ್ತೇವೆ. ಸಣ್ಣ ಬಿರುಕಿನಿಂದ ನೀರು ಒಳಗೆ ಹೋಗುತ್ತದೆ, ಆದರೆ ಹೊರಗೆ ಆರಲು ಸಿಮೆಂಟ್ ಬಿಡುವುದಿಲ್ಲ. ಮೇಲೆ ಚಂದ, ಒಳಗೆ ಮಣ್ಣು ಪುಡಿ. ಹೊರದೇಶಗಳಲ್ಲಿ ಫೈಬರ್‌ಗ್ಲಾಸ್ ಗೋಡೆಯ ಗಾಲಿಮನೆಗಳಿರುತ್ತವೆ. ಅಲ್ಲೂ ಇದೇ ಕಥೆ: ಜೋಡಣೆಯ ಸಂದಿಯಲ್ಲಿ ನೀರು ಇಳಿದು ಒಳಗಿನ ಕಟ್ಟಿಗೆ ಕೊಳೆಯುತ್ತದೆ, ಹೊರಗಿನ ಫೈಬರ್ ಮಾತ್ರ ಹೊಳೆಯುತ್ತಿರುತ್ತದೆ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತೀವಲ್ಲ, ಹಂಗೆ.

ಮೊದಲು ಗೋಡೆ ಪರೀಕ್ಷೆ ಮಾಡಿ. ಬೆರಳಿನ ಗೆಣ್ಣಿನಿಂದ ಬಡಿಯಿರಿ. ಟೊಳ್ಳು ಸಪ್ಪಳ ಬಂದರೆ ಗಿಲಾವು ಗೋಡೆಯನ್ನು ಬಿಟ್ಟಿದೆ. ಬುಡದಲ್ಲಿ ಬಿಳಿ ಉಪ್ಪು ಉದುರುತ್ತಿದ್ದರೆ ನೆಲದಿಂದ ನೀರು ಏರುತ್ತಿದೆ.

ಆಮೇಲೆ ನೀರಿನ ದಾರಿ ಮುಚ್ಚಿ. ಮಾಳಿಗೆ ಸೋರುವುದನ್ನು ನಿಲ್ಲಿಸಿ. ಬಚ್ಚಲ ನೀರು ಗೋಡೆ ಬುಡಕ್ಕೆ ನಿಲ್ಲದಂತೆ ಕಾಲುವೆ ತೋಡಿ. ನಮ್ಮ ಎರೆಭೂಮಿ ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಬುನಾದಿ ಅಲುಗಿ ಗೋಡೆ ಸೀಳುವುದು ಹೀಗೇ.

ಮೂರನೆಯದು, ಟೊಳ್ಳಾದ ಸಿಮೆಂಟ್ ಕಿತ್ತು ಗಾಳಿಗೆ ಬಿಡಿ. ದಪ್ಪ ಗೋಡೆ ಆರಲು ವಾರಗಟ್ಟಲೆ ಬೇಕು, ಅವಸರ ಬ್ಯಾಡ.

ಕೊನೆಗೆ, ಪುಡಿಯಾದ ಮಣ್ಣು ತೆಗೆದು ಹೊಸ ಮಣ್ಣು ತುಂಬಿ. ಬರೀ ಎರೆಮಣ್ಣು ಆದರೆ ಬಿರುಕು ಬಿಡುತ್ತದೆ; ಕೆಂಪು ಮಣ್ಣು, ಮರಳು ಬೆರೆಸಿ, ಹೊಟ್ಟು ಹಾಕಿ ಕೆಲವು ದಿನ ನೆನೆಸಿ ತುಳಿಯಿರಿ. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಮೇಲೆ ಸುಣ್ಣ ಸಾಕು, ಅದು ಗೋಡೆಗೆ ಉಸಿರಾಡಲು ಬಿಡುತ್ತದೆ.

ಒಂದು ಎಚ್ಚರಿಕೆ. ಗೋಡೆ ಉಬ್ಬಿದ್ದರೆ, ವಾಲಿದ್ದರೆ, ಇದ್ದಕ್ಕಿದ್ದಂತೆ ಬಾಗಿಲು ಬಿಗಿಯಾದರೆ ನೀವೇ ರಿಪೇರಿಗೆ ಕೈ ಹಾಕಬೇಡಿ. ಅವತ್ತೇ ಮಕ್ಕಳನ್ನೂ ಹಿರಿಯರನ್ನೂ ಬೇರೆ ಕಡೆ ಮಲಗಿಸಿ. ಫೋಟೋ ತೆಗೆಸಿ ಪಂಚಾಯಿತಿಗೆ, ಕಂದಾಯ ಇಲಾಖೆಗೆ ಅರ್ಜಿ ಕೊಡಿ.

ಎಲ್ಲಮ್ಮನ ಜಾತ್ರೆ, ಮನೆಯಲ್ಲಿ ಮದುವೆ ಬಂತಂದ್ರೆ ಗೋಡೆ ಬೆಳ್ಳಗೆ ಕಾಣಬೇಕು ಅಂತ ನಮಗೆ ಆಸೆ. ಆಸೆ ತಪ್ಪಲ್ಲ. ಆದರೆ ಪ್ರತಿ ಸಂಘವೂ ಒಂದು ನಿರ್ಣಯ ಬರೆದುಕೊಳ್ಳಲಿ: ರಿಪೇರಿ ಸಾಲ ಕೊಡುವ ಮೊದಲು ಇಬ್ಬರು ಸದಸ್ಯೆಯರು ಹೋಗಿ ಆ ಗೋಡೆ ಬಡಿದು ನೋಡಬೇಕು. ಸಾಲದ ಕಂತು ಮುಗಿಯುವ ಮೊದಲೇ ಗೋಡೆ ಬಿದ್ದರೆ ಕಂತೂ ಉಳಿಯುತ್ತದೆ, ದುಃಖವೂ ಉಳಿಯುತ್ತದೆ. ಗೋಡೆ ಬಡಿಯುವುದಕ್ಕೆ ದುಡ್ಡು ಬೇಕಿಲ್ಲ. ಈ ಮಳೆಗಾಲಕ್ಕೆ ಮೊದಲೇ ಶುರು ಮಾಡೋಣ.