ಏಡನ್‌ಗೆ ಹೋದ ಅಡಿಕೆ



ಕೈರೋದ ಫುಸ್ತಾತ್‌ನಲ್ಲಿ ಯಹೂದಿಗಳ ಹಳೆಯ ಪ್ರಾರ್ಥನಾ ಮಂದಿರವಿದೆ. ದೇವರ ಹೆಸರಿರುವ ಕಾಗದವನ್ನು ಎಸೆಯಬಾರದೆಂದು ಅದರ ಕೋಣೆಯೊಂದರಲ್ಲಿ ಪತ್ರ, ಲೆಕ್ಕದ ಚೀಟಿಗಳನ್ನೂ ತುಂಬಿಡುತ್ತಿದ್ದರು. ಪುಸ್ತಕಕ್ಕೆ ಕಾಲು ತಾಗಿದರೆ ನಾವು ಕಣ್ಣಿಗೊತ್ತಿಕೊಳ್ಳುವುದಿಲ್ಲವೇ, ಹಾಗೆ. ಆ ರಾಶಿಯಲ್ಲಿ ನಮ್ಮ ಮಂಗಳೂರೂ ಸಿಕ್ಕಿದೆ.

12ನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿದ್ದ. ಟ್ಯುನೀಶಿಯಾದವನು. ಏಡನ್ ಬಂದರಿಗೆ ಕರಿಮೆಣಸು, ಕಬ್ಬಿಣ, ಅಡಿಕೆ (ಹೌದು, ಅಡಿಕೆಯೇ!) ಕಳಿಸುತ್ತಿದ್ದ, ಅಲ್ಲಿಂದ ಅವನ ಮನೆಗೆ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ ಬರುತ್ತಿತ್ತು. ಅವನ ಆಳಿನ ಹೆಸರನ್ನು ‘ಬೊಮ್ಮ’ ಎಂದು ಓದಲು ಲೇಖಕ ಅಮಿತಾವ್ ಘೋಷ್ ಅವರಿಗೆ ನೆರವಾದವರು ನಮ್ಮ ಜಿಲ್ಲೆಯ ಪ್ರೊ. ಬಿ. ಎ. ವಿವೇಕ ರೈ.

1132ರಲ್ಲಿ ಮಂಗಳೂರಿನಲ್ಲೇ ಬರೆದ ಪತ್ರವೊಂದರಲ್ಲಿ ಅವನು ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ್ದಾನೆ. ಆಕೆಯೇ ಅವನ ಮಕ್ಕಳ ತಾಯಿ ಎಂದು ವಿದ್ವಾಂಸರ ಊಹೆ. 1149ರಲ್ಲಿ ಏಡನ್‌ನಿಂದ ಒಡಹುಟ್ಟಿದವರಿಗೆ ಬರೆದಾಗ ಮಕ್ಕಳ ಸುದ್ದಿ ಹೇಳುತ್ತಾನೆ, ಆಶುವಿನ ಮಾತಿಲ್ಲ. ಒಣದ್ರಾಕ್ಷಿಯ ಲೆಕ್ಕ ಉಳಿಯಿತು, ಅವಳದು ಬರೀ ಹೆಸರು.

ನಮ್ಮ ಶಾಲೆಯ ಕಪಾಟಿನಲ್ಲಿ 50 ವರ್ಷದ ಹಾಜರಿ ಪುಸ್ತಕಗಳಿವೆ. ಎಂಟನೆಗೆ ಸೇರಿ ಹತ್ತು ಮುಟ್ಟದ ಹುಡುಗಿಯರ ಹೆಸರುಗಳು ಅವುಗಳಲ್ಲಿವೆ. ಗೆದ್ದಲು ಹಿಡಿಯುವ ಮೊದಲು ಒಮ್ಮೆ ಬಿಡಿಸಿ ಓದೋಣವೇ ಎಂದು ಕೇಳಲು ಬಂದೆ.