ಮನೆಯ ಕಂಪ್ಯೂಟರಿಗೆ ಯಾವ ಆಂಟಿವೈರಸ್?
(ವಿದ್ಯಾರ್ಥಿಗಳು ಮತ್ತು ಪಾಲಕರಿಗಾಗಿ ನೀಡಿದ ಉಪನ್ಯಾಸದ ಲಿಖಿತ ರೂಪ)



"ಮನೆಗೆ ಕಂಪ್ಯೂಟರ್ ತಂದಿದ್ದೇವೆ, ಯಾವ ಆಂಟಿವೈರಸ್ ಹಾಕಿಸೋಣ?" ಪಾಲಕರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಅಂಗಡಿಯವರು ಒಂದು ಹೆಸರು ಹೇಳುತ್ತಾರೆ, ನೆರೆಮನೆಯ ಹುಡುಗ ಇನ್ನೊಂದು ಹೇಳುತ್ತಾನೆ. ನಾನೂ ಒಂದು ಹೆಸರು ಹೇಳಿ ಕುಳಿತುಕೊಳ್ಳಬಹುದು. ಆದರೆ ಈ ವರ್ಷ ಚೆನ್ನಾಗಿದ್ದದ್ದು ಮುಂದಿನ ವರ್ಷವೂ ಹಾಗೆಯೇ ಇರುತ್ತದೆಂಬ ಭರವಸೆ ಇಲ್ಲ. ಆದ್ದರಿಂದ ಆಯ್ಕೆ ಮಾಡುವ ಬಗೆಯನ್ನು ತಿಳಿದುಕೊಳ್ಳುವುದೇ ಒಳ್ಳೆಯದು.

ನಮ್ಮ ಹೆಚ್ಚಿನ ಮನೆಗಳಲ್ಲಿ ಇಡೀ ಕುಟುಂಬಕ್ಕೆ ಒಂದೇ ಕಂಪ್ಯೂಟರ್. ಮಗಳ ಪದವಿಯ ಪ್ರಾಜೆಕ್ಟ್, ಮಗನ ವಿದ್ಯಾರ್ಥಿವೇತನದ ದಾಖಲೆಗಳು, ಆಧಾರ್ ಮತ್ತು ಪಾಸ್‌ಪೋರ್ಟ್ ಪ್ರತಿ, ಮದುವೆಯ ಫೋಟೋಗಳು ಎಲ್ಲವೂ ಅದರಲ್ಲೇ. ಕೊಲ್ಲಿ ರಾಷ್ಟ್ರದಲ್ಲಿ ದುಡಿಯುವ ತಂದೆ ಕಳುಹಿಸಿದ ಹಣ ಬಂತೇ ಎಂದು ನೋಡುವುದೂ ಅದರಲ್ಲೇ. ಯಂತ್ರ ಕೆಟ್ಟರೆ ಇನ್ನೊಂದು ತರಬಹುದು. ಒಳಗಿದ್ದದ್ದು ಹೋದರೆ ಅದನ್ನು ಯಾವ ಅಂಗಡಿಯಲ್ಲಿ ತರುತ್ತೀರಿ?

ಕಂಪ್ಯೂಟರ್ ವೈರಸ್ ಎಂದರೆ ತನ್ನ ಪ್ರತಿಗಳನ್ನು ತಾನೇ ಹರಡಿಕೊಳ್ಳುವ ಒಂದು ಪ್ರೋಗ್ರಾಂ. ವೈಯಕ್ತಿಕ ಕಂಪ್ಯೂಟರುಗಳಲ್ಲಿ ಮೊದಲು ವ್ಯಾಪಕವಾಗಿ ಹರಡಿದ 'ಬ್ರೇನ್' ವೈರಸ್ಸನ್ನು 1986ರಲ್ಲಿ ಲಾಹೋರಿನ ಇಬ್ಬರು ಸಹೋದರರು ಬರೆದರು. ಅದು ಫ್ಲಾಪಿಯಿಂದ ಫ್ಲಾಪಿಗೆ ಹೋಗುತ್ತಿತ್ತು. 2000ದ ಮೇ ತಿಂಗಳಲ್ಲಿ ಫಿಲಿಪೀನ್ಸ್‌ನಿಂದ ಹೊರಟ 'ಐ ಲವ್ ಯು' ಪ್ರೇಮಪತ್ರದ ವೇಷದಲ್ಲಿ ಇ-ಮೇಲ್ ಮೂಲಕ ಜಗತ್ತನ್ನು ಸುತ್ತಿತು. 2017ರ ಮೇ 12ರಂದು ಕಾಣಿಸಿಕೊಂಡ 'ವಾನ್ನಾಕ್ರೈ' ಕಡತಗಳಿಗೆ ಬೀಗ ಹಾಕಿ, ಬೀಗ ತೆಗೆಯಲು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಿಂದ ಹಿಡಿದು ನೆರೆಯ ಕೇರಳದ ಕೆಲವು ಗ್ರಾಮ ಪಂಚಾಯತ್ ಕಚೇರಿಗಳವರೆಗೆ ಅದರ ಬಿಸಿ ತಟ್ಟಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ವಾನ್ನಾಕ್ರೈ ನುಸುಳಿದ ದೋಷವನ್ನು ಸರಿಪಡಿಸುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಅಂದರೆ ಮಾರ್ಚ್‌ನಲ್ಲೇ, ತಾನು ಬೆಂಬಲ ನೀಡುತ್ತಿದ್ದ ವಿಂಡೋಸ್ ಆವೃತ್ತಿಗಳಿಗೆ ಕೊಟ್ಟಿತ್ತು. ಹಾಕಿಕೊಂಡವರು ಪಾರಾದರು, 'ಆಮೇಲೆ ನೋಡೋಣ' ಎಂದವರು ಸಿಕ್ಕಿಬಿದ್ದರು. ಆದ್ದರಿಂದ ಆಂಟಿವೈರಸ್ಸಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ: ನಿಮ್ಮ ವಿಂಡೋಸ್‌ಗೆ ಅಪ್‌ಡೇಟ್ ಬರುತ್ತಿದೆಯೇ? ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೆ ಮುಗಿದಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬಾಗಿಲು ಮುರಿದ ಮನೆಗೆ ಕಾವಲುಗಾರನನ್ನು ಇಟ್ಟು ಏನು ಪ್ರಯೋಜನ? ಹಳೆಯ ಯಂತ್ರದಲ್ಲಿ ವಿಂಡೋಸ್ 11 ನಡೆಯದಿದ್ದರೆ ಲಿನಕ್ಸ್ ಮಿಂಟ್‌ನಂತಹ ಉಚಿತ ವ್ಯವಸ್ಥೆಯನ್ನು ಹಾಕಿಕೊಳ್ಳಬಹುದು. ಓದು-ಬರಹ, ಇಂಟರ್ನೆಟ್ ಕೆಲಸಕ್ಕೆ ಅದು ಧಾರಾಳ ಸಾಕು.

ಇನ್ನು ಆಂಟಿವೈರಸ್ ವಿಷಯಕ್ಕೆ ಬರೋಣ. ಅದು ಮುಖ್ಯವಾಗಿ ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ಒಂದು, ಗೊತ್ತಿರುವ ವೈರಸ್‌ಗಳ ಗುರುತುಪಟ್ಟಿಯನ್ನು ಇಟ್ಟುಕೊಂಡು ಪ್ರತಿ ಕಡತವನ್ನು ಅದರೊಂದಿಗೆ ಹೋಲಿಸುವುದು. ಎರಡು, ನಡತೆಯನ್ನು ನೋಡುವುದು. ಯಾವುದೋ ಪ್ರೋಗ್ರಾಂ ಒಮ್ಮೆಲೇ ನೂರಾರು ಕಡತಗಳನ್ನು ಬದಲಾಯಿಸತೊಡಗಿದರೆ ಅದನ್ನು ತಡೆಯುವುದು. ಗುರುತುಪಟ್ಟಿ ದಿನದಿನವೂ ಹೊಸದಾಗಬೇಕು. ಅವಧಿ ಮುಗಿದ ಆಂಟಿವೈರಸ್ ಕಳೆದ ವರ್ಷದ ಕಳ್ಳರ ಫೋಟೋ ಹಿಡಿದು ನಿಂತ ಪೊಲೀಸನಂತೆ.

ಅನೇಕರಿಗೆ ಗೊತ್ತಿಲ್ಲದ ವಿಷಯವೆಂದರೆ, 2012ರಲ್ಲಿ ಬಂದ ವಿಂಡೋಸ್ 8ರಿಂದಲೇ 'ಡಿಫೆಂಡರ್' ಎಂಬ ಆಂಟಿವೈರಸ್ ವಿಂಡೋಸ್ ಜೊತೆಗೇ ಬರುತ್ತಿದೆ. ಅದಕ್ಕೆ ಬೇರೆ ಹಣವಿಲ್ಲ, ನವೀಕರಣದ ಚಿಂತೆಯಿಲ್ಲ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರಿಟಿವ್ಸ್ ಎಂಬ ಪರೀಕ್ಷಾ ಸಂಸ್ಥೆಗಳ ಪರೀಕ್ಷೆಗಳಲ್ಲಿ ಅದು ಇತ್ತೀಚಿನ ವರ್ಷಗಳಲ್ಲಿ ಒಳ್ಳೆಯ ಅಂಕಗಳನ್ನೇ ಪಡೆಯುತ್ತ ಬಂದಿದೆ. ಅಪ್‌ಡೇಟ್ ಸರಿಯಾಗಿ ಬರುತ್ತಿರುವ ಸಾಮಾನ್ಯ ಮನೆಗೆ ಇದು ಸಾಕು ಎಂಬುದೇ ನನ್ನ ಅಭಿಪ್ರಾಯ. ಉಳಿದ ಹಣದಲ್ಲಿ ಏನು ಕೊಳ್ಳಬೇಕೆಂಬುದನ್ನು ಮುಂದೆ ಹೇಳುತ್ತೇನೆ.

ಆದರೂ ಹಣ ಕೊಟ್ಟು ಕೊಳ್ಳಲೇಬೇಕೆನಿಸಿದರೆ ಪುಣೆಯ ಕ್ವಿಕ್ ಹೀಲ್, ಚೆನ್ನೈಯ ಕೆ7 ಮುಂತಾಗಿ ನಮ್ಮ ದೇಶದವೂ ಇವೆ, ವಿದೇಶದವೂ ಇವೆ. ಕೊಳ್ಳುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಿ. ಮೊದಲನೆಯದು, ಮೇಲೆ ಹೇಳಿದ ಪರೀಕ್ಷೆಗಳಲ್ಲಿ ಅದರ ಸಾಧನೆ ಏನು? ಫಲಿತಾಂಶಗಳು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತವೆ. ವೈರಸ್ ಹಿಡಿಯುವ ಅಂಕವನ್ನಷ್ಟೇ ಅಲ್ಲ, ಕಂಪ್ಯೂಟರಿನ ವೇಗ ಎಷ್ಟು ತಗ್ಗುತ್ತದೆ, ನಿರಪರಾಧಿ ಕಡತಗಳನ್ನು ಎಷ್ಟು ಸಲ ಹಿಡಿಯುತ್ತದೆ ಎಂಬುದನ್ನೂ ನೋಡಿ. ಎರಡನೆಯದು, ಎರಡನೇ ವರ್ಷದ ಬೆಲೆ ಎಷ್ಟು? ಮೊದಲ ವರ್ಷದ ರಿಯಾಯಿತಿ ಕಂಡು ಮರುಳಾಗಬೇಡಿ. ತಾನಾಗಿಯೇ ನವೀಕರಣಗೊಂಡು ಖಾತೆಯಿಂದ ಹಣ ಹೋಗುವ ವ್ಯವಸ್ಥೆ ಇದೆಯೇ ಎಂದು ವಿಚಾರಿಸಿ. ಮೂರನೆಯದು, ಉಚಿತವಾದರೆ ಕಂಪನಿ ಹಣ ಗಳಿಸುವುದು ಹೇಗೆ? ಅವಾಸ್ಟ್ ಕಂಪನಿಯು ಬಳಕೆದಾರರು ಯಾವ ಯಾವ ಜಾಲತಾಣ ನೋಡಿದರೆಂಬ ಮಾಹಿತಿಯನ್ನು ಮಾರಿದ ಪ್ರಕರಣದಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ 1.65 ಕೋಟಿ ಡಾಲರ್ ಪಾವತಿಗೆ ಆದೇಶಿಸಿತು. ಮನೆ ಕಾಯಲು ಬಂದವನೇ ಮನೆಯ ಸುದ್ದಿ ಮಾರಬಾರದಷ್ಟೆ. ನಾಲ್ಕನೆಯದು, ಕಂಪ್ಯೂಟರಿನಲ್ಲಿ ಈಗಾಗಲೇ ಬೇರೊಂದು ಇದೆಯೇ? ಎರಡು ಆಂಟಿವೈರಸ್ ಒಟ್ಟಿಗೆ ಇದ್ದರೆ ರಕ್ಷಣೆ ಇಮ್ಮಡಿಯಾಗುವುದಿಲ್ಲ. ಒಂದು ಇನ್ನೊಂದನ್ನು ಸಂಶಯಿಸುತ್ತ ಯಂತ್ರವನ್ನು ನಿಧಾನ ಮಾಡುತ್ತವೆ. ಹೊಸ ಲ್ಯಾಪ್‌ಟಾಪಿನಲ್ಲಿ ಬಂದ ಪ್ರಾಯೋಗಿಕ ಆವೃತ್ತಿಯನ್ನು ಒಂದೋ ಹಣ ಕೊಟ್ಟು ಮುಂದುವರಿಸಿ, ಇಲ್ಲವೇ ಪೂರ್ತಿ ತೆಗೆದುಹಾಕಿ ಡಿಫೆಂಡರ್ ಎದ್ದಿದೆಯೇ ಎಂದು ಖಚಿತಪಡಿಸಿಕೊಳ್ಳಿ.

ವಿದ್ಯಾರ್ಥಿ ಮಿತ್ರರೇ, ಇದು ವಿಶೇಷವಾಗಿ ನಿಮಗೆ. ಹಣ ಕೊಡದೆ ದುಬಾರಿ ಸಾಫ್ಟ್‌ವೇರ್ ನಡೆಸುವ 'ಕ್ರ್ಯಾಕ್' ಕಡತಗಳನ್ನು ನಿಮ್ಮಲ್ಲಿ ಕೆಲವರು ಬಲ್ಲಿರಿ. ಅದರೊಂದಿಗೆ ಬರುವ ಮೊದಲ ಸೂಚನೆ ಏನು? 'ಆಂಟಿವೈರಸ್ ಆಫ್ ಮಾಡಿ' ಎಂಬುದು! ಅಪರಿಚಿತನೊಬ್ಬ 'ನಾಯಿಯನ್ನು ಕಟ್ಟಿಹಾಕಿ, ನಾನು ಒಳಗೆ ಬರುತ್ತೇನೆ' ಎಂದರೆ ಬಿಡುತ್ತೀರಾ? ಇನ್ನೊಬ್ಬರ ದುಡಿಮೆಯನ್ನು ಬೆಲೆ ಕೊಡದೆ ಬಳಸುವುದು ತಪ್ಪೆಂಬುದು ಒಂದು ಮಾತು. ತಂದೆಯ ಬ್ಯಾಂಕ್ ಪಾಸ್‌ವರ್ಡ್ ಕದಿಯುವವನಿಗೆ ನೀವೇ ಬಾಗಿಲು ತೆರೆದಂತಾಗುತ್ತದೆಂಬುದು ಇನ್ನೊಂದು. ಪ್ರಾಜೆಕ್ಟ್ ಬರೆಯಲು ಲಿಬ್ರೆ ಆಫೀಸ್ ಇದೆ. ಅದು ಉಚಿತ, ಕಾನೂನುಬದ್ಧ.

ಪೆನ್‌ಡ್ರೈವ್ ಬಗ್ಗೆಯೂ ಎಚ್ಚರವಿರಲಿ. ಅರ್ಜಿ ತುಂಬಲು ಸೈಬರ್ ಸೆಂಟರಿಗೆ, ಪ್ರಿಂಟ್ ತೆಗೆಯಲು ಝೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವನ್ನು ಸ್ಕ್ಯಾನ್ ಮಾಡದೆ ತೆರೆಯಬೇಡಿ. ಸಂಶಯವಿರುವ ಕಡತವನ್ನು ವೈರಸ್‌ಟೋಟಲ್ ಜಾಲತಾಣಕ್ಕೆ ಹಾಕಿದರೆ ಹತ್ತಾರು ಆಂಟಿವೈರಸ್‌ಗಳು ಅದನ್ನು ಪರೀಕ್ಷಿಸಿ ಹೇಳುತ್ತವೆ. ಆದರೆ ಗುರುತಿನ ಚೀಟಿ, ಅಂಕಪಟ್ಟಿಯಂತಹ ಖಾಸಗಿ ದಾಖಲೆಗಳನ್ನು ಅಲ್ಲಿ ಹಾಕಬಾರದು. ಕೇಂದ್ರ ಸರಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರವೂ ಸೋಂಕು ತೆಗೆಯುವ ಉಚಿತ ಸಾಧನಗಳನ್ನು ಒದಗಿಸುತ್ತದೆ.

ಆಂಟಿವೈರಸ್ ಮಾಡಲಾಗದ ಕೆಲಸಗಳೂ ಇವೆ. 'ನಿಮ್ಮ ಕಂಪ್ಯೂಟರಿನಲ್ಲಿ ಐದು ವೈರಸ್ ಇವೆ, ಈ ನಂಬರಿಗೆ ಕರೆ ಮಾಡಿ' ಎಂದು ಪರದೆಯ ಮೇಲೆ ಬಂದರೆ ಆ ಸಂದೇಶವೇ ಮೋಸ. ಬ್ಯಾಂಕಿನವರೆಂದು ಹೇಳಿಕೊಂಡು ಕರೆ ಮಾಡಿದವನಿಗೆ ನೀವೇ ಒಟಿಪಿ ಓದಿ ಹೇಳಿದರೆ ಯಾವ ಸಾಫ್ಟ್‌ವೇರೂ ನಿಮ್ಮ ಬಾಯಿ ಮುಚ್ಚಿಸಲಾರದು. ಮನೆಯ ಹಿರಿಯರಿಗೆ ಇದನ್ನು ತಾಳ್ಮೆಯಿಂದ ತಿಳಿಸುವುದು ಓದಿದ ಮಕ್ಕಳ ಜವಾಬ್ದಾರಿ. ಹಣ ಹೋಗಿದ್ದರೆ ಮರ್ಯಾದೆಗೆ ಅಂಜಿ ಸುಮ್ಮನಿರಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ತಡವಾದಷ್ಟೂ ಹಣ ಕೈತಪ್ಪುತ್ತದೆ.

ಈಗ ಉಳಿಸಿದ ಹಣದ ಮಾತು. ಅದರಿಂದ ಒಂದು ಹೊರಗಿನ ಹಾರ್ಡ್ ಡಿಸ್ಕ್ ಕೊಳ್ಳಿ. ವಾರಕ್ಕೊಮ್ಮೆ ಮುಖ್ಯ ಕಡತಗಳ ಪ್ರತಿ ತೆಗೆದು, ವೈರನ್ನು ಕಳಚಿ, ಕಪಾಟಿನಲ್ಲಿಡಿ. ಕಳಚುವುದು ಮುಖ್ಯ. ಸಿಕ್ಕಿಸಿಯೇ ಇಟ್ಟರೆ ಬೀಗ ಹಾಕುವ ವೈರಸ್ ಅದಕ್ಕೂ ಬೀಗ ಹಾಕುತ್ತದೆ. ಯಾವ ಆಂಟಿವೈರಸ್ಸೂ ನೂರಕ್ಕೆ ನೂರು ಕಾಯದು. ಕಾವಲು ಸೋತ ದಿನವೂ ಕಪಾಟಿನಲ್ಲಿರುವ ಪ್ರತಿ ಉಳಿದಿರುತ್ತದೆ.

ಆದ್ದರಿಂದ ಇಂದು ಮನೆಗೆ ಹೋದ ಮೇಲೆ ಮೂರು ಕೆಲಸ ಮಾಡಿ. ವಿಂಡೋಸ್ ಅಪ್‌ಡೇಟ್ ಆಗಿದೆಯೇ ನೋಡಿ. ಆಂಟಿವೈರಸ್ ಒಂದೇ ಇದೆಯೇ, ಅದರ ಅವಧಿ ಇದೆಯೇ ನೋಡಿ. ಕಳೆದುಕೊಂಡರೆ ಮತ್ತೆ ಸಿಗದ ಕಡತಗಳು ಯಾವುವೆಂದು ಮನೆಯವರೆಲ್ಲ ಕುಳಿತು ಪಟ್ಟಿ ಮಾಡಿ, ಅವುಗಳ ಪ್ರತಿ ತೆಗೆದಿಡಿ. ಇದಕ್ಕೆ ಒಂದು ಸಂಜೆ ಸಾಕು.